ಹಳೆಯ ಬೆಂಜ್ ಕಾರಿನ ಮರದ ಫಲಕಗಳಿಗೆ ಎರಡು ಡಬ್ಬಿಯ ಪಿಯು ಪಾಲಿಶ್: ಮನೆಯಲ್ಲಿ ಬಳಸಿ ನೋಡಿದ ಮೇಲೆ

ಪೀಠೋಪಕರಣಗಳಿಗೆಂದು ಹಾರ್ಡ್‌ವೇರ್ ಅಂಗಡಿಗಳಲ್ಲಿ ಮಾರುವ, ಒಂದು ಡಬ್ಬಿಯಲ್ಲಿ ಬೇಸ್ ಮತ್ತು ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ಹಾರ್ಡನರ್ ಇರುವ ಹೊಳಪಿನ ಪಿಯು (ಪಾಲಿಯುರೆಥೇನ್) ಪಾಲಿಶನ್ನು ನನ್ನ ಹಳೆಯ ಕಾರಿನ ಒಳಗಿನ ಮರದ ಫಲಕಗಳಿಗೆ ಹಚ್ಚಿ ಹದಿನಾಲ್ಕು ತಿಂಗಳಾಯಿತು. ಒಂದು ಪೂರ್ತಿ ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಅದು ಕಂಡಿರುವುದರಿಂದ ಈಗ ಅದರ ಬಗ್ಗೆ ಬರೆಯಬಹುದೆನಿಸಿತು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಸರಕು ಒಳ್ಳೆಯದು, ಡಬ್ಬಿಯ ಮೇಲಿನ ಸೂಚನೆಗಳು ಬಾಗಿಲು, ಮಂಚ, ಬೀರುಗಳಿಗೆ ಸ್ಪ್ರೇ ಹೊಡೆಯುವವರಿಗಾಗಿ ಬರೆದಂಥವು, ಅಂಗೈಯಗಲದ ಏಳು ಮರದ ತುಂಡುಗಳನ್ನು ಮುಂದಿಟ್ಟುಕೊಂಡು ಬ್ರಷ್ ಹಿಡಿದು ಕೂರುವವರು ಅವುಗಳಲ್ಲಿ ಅರ್ಧದಷ್ಟನ್ನು ತಾವೇ ತಿದ್ದಿಕೊಳ್ಳಬೇಕಾಗುತ್ತದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಈ ಬಗೆಯ ಪಾಲಿಶನ್ನು ಹಲವರು ತಯಾರಿಸುತ್ತಾರೆ, ಮತ್ತು ಕೊಳ್ಳುವಾಗ ನೋಡಬೇಕಾದ ಸಂಗತಿ ಡಬ್ಬಿಯ ಬಣ್ಣಕ್ಕಿಂತ ಒಳಗಿನ ಹಾರ್ಡನರ್‌ನ ಜಾತಿ. ಅದನ್ನು ಮುಂದೆ ವಿವರಿಸಿದ್ದೇನೆ.

ಕಾರು 1996ರ ಮರ್ಸಿಡಿಸ್ ಬೆಂಜ್ ಇ 220, ಅಂದರೆ ಡಬ್ಲ್ಯು 124 ಎಂದು ಗುರುತಿಸುವ ಮಾದರಿ. ಮರ್ಸಿಡಿಸ್ 1994ರಲ್ಲಿ ಭಾರತದಲ್ಲಿ ಕಂಪನಿ ಸ್ಥಾಪಿಸಿ, ಮರುವರ್ಷದಿಂದ ಪುಣೆಯಲ್ಲಿ ಮೊದಲು ಜೋಡಿಸಿದ್ದು ಇದೇ ಮಾದರಿಯನ್ನು. ನನ್ನ ಕಾರಿನ ಗೇರ್ ಸುತ್ತಲಿನ ಫಲಕ, ರೇಡಿಯೊ ಸುತ್ತಲಿನ ಚೌಕಟ್ಟು, ಆಶ್‌ಟ್ರೇ ಮುಚ್ಚಳ ಮತ್ತು ನಾಲ್ಕು ಬಾಗಿಲುಗಳ ಪಟ್ಟಿಗಳು ಜೀಬ್ರಾನೋ ಎಂಬ ಮರದವು. ಇದು ಮಧ್ಯ ಆಫ್ರಿಕಾದ ಪಶ್ಚಿಮ ಭಾಗದ ಕ್ಯಾಮರೂನ್ ಮತ್ತು ಗಬಾನ್ ಕಡೆ ಬೆಳೆಯುವ ಮರ; ತಿಳಿಕಂದು ಮೈಮೇಲೆ ಗಾಢ ಕಂದು ಗೆರೆಗಳು ಒತ್ತೊತ್ತಾಗಿ ನೇರಕ್ಕೆ ಓಡುತ್ತವೆ. ನಮ್ಮ ಬೀಟೆ ಮರವನ್ನು ಬಲ್ಲವರಿಗೆ, ಬೀಟೆಯನ್ನು ಬಿಸಿಲಿನಲ್ಲಿಟ್ಟು ತಿಳಿಯಾಗಿಸಿ, ಅದರ ಗೆರೆಗಳನ್ನು ಅಡಿಕೋಲು ಹಿಡಿದು ಎಳೆದಂತೆ ಎಂದರೆ ಸುಮಾರಾಗಿ ಅರ್ಥವಾದೀತು. ಆ ಮರ ಈಗ ಅಳಿವಿನ ಅಪಾಯ ಎದುರಿಸುತ್ತಿರುವವುಗಳ ಪಟ್ಟಿಯಲ್ಲಿದೆ ಎನ್ನುವುದೂ ಇರುವುದನ್ನೇ ಉಳಿಸಿಕೊಳ್ಳಬೇಕೆಂದು ನಾನು ಹಟ ಹಿಡಿದದ್ದಕ್ಕೆ ಒಂದು ಕಾರಣ.

ಈ ಫಲಕಗಳು ಇಡೀ ಮರದವಲ್ಲ. ಗಟ್ಟಿಯಾದ ತಳದ ಮೇಲೆ ಬಹಳ ತೆಳುವಾದ ಮರದ ಹಾಳೆಯನ್ನು, ಅಂದರೆ ವಿನೀರನ್ನು, ಅಂಟಿಸಿ, ಅದರ ಮೇಲೆ ಗಾಜಿನಂಥ ದಪ್ಪ ಲ್ಯಾಕರ್ ಹೊದಿಸಿರುತ್ತಾರೆ. ಸುಮಾರು ಮೂವತ್ತು ವರ್ಷಗಳಲ್ಲಿ ಹಾಳಾದದ್ದು ಮರವಲ್ಲ, ಈ ಗಾಜಿನಂಥ ಹೊದಿಕೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟುವುದು ನಮ್ಮಲ್ಲಿ ಸಾಮಾನ್ಯ; ಹಗಲು ಕಾದು ರಾತ್ರಿ ತಣಿಯುವಾಗ ಮರವೂ ಲ್ಯಾಕರೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ, ಲ್ಯಾಕರ್ ಮುದಿಯಾಗಿ ಬಾಗುವ ಗುಣವನ್ನು ಕಳೆದುಕೊಂಡಿರುತ್ತದೆ, ಕೊನೆಗೆ ಒಡೆಯುತ್ತದೆ. ಎದುರಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದಾದ್ದರಿಂದ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತದೆ. ಬಾಗಿಲಿನ ಗಾಜು ಅಷ್ಟಾಗಿ ತಡೆಯುವುದಿಲ್ಲ. ನನ್ನ ಕಾರಿನಲ್ಲಿ ರೇಡಿಯೊ ಸುತ್ತಲಿನ ಚೌಕಟ್ಟಿಗೆ ಕೂದಲೆಳೆಯ ಬಿರುಕುಗಳು ಮಾತ್ರ ಇದ್ದು, ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ ಬದಿಯ ಬಾಗಿಲ ಪಟ್ಟಿಗಳ ಮೇಲೆ ಲ್ಯಾಕರ್ ಒಣಗಿದ ಕೆರೆಯಂಗಳದಂತೆ ಚಕ್ಕೆ ಎದ್ದದ್ದಕ್ಕೆ ಇದೇ ಕಾರಣವಿರಬೇಕು.

ಪಿಯು ಕೊಳ್ಳುವ ಮೊದಲು ಬೇರೆ ದಾರಿಗಳನ್ನೂ ವಿಚಾರಿಸಿದ್ದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರುಗಳಿಂದ ಬಿಚ್ಚಿದ ಫಲಕಗಳು ಒಮ್ಮೊಮ್ಮೆ ಸಿಗುತ್ತವೆ. ಆದರೆ ಅವೂ ಅಷ್ಟೇ ವರ್ಷ ಬಿಸಿಲು ಕಂಡವು, ದುಡ್ಡು ಕೊಟ್ಟು ಇನ್ನೊಬ್ಬರ ಬಿರುಕನ್ನು ಮನೆಗೆ ತಂದಂತಾಗುತ್ತದೆ. ಕಾರುಗಳ ಒಳಾಂಗಣ ಮಾಡುವ ಒಂದು ಗ್ಯಾರೇಜಿನವರು ಏಳು ತುಂಡುಗಳಿಗೆ 38,000 ರೂಪಾಯಿ ಹೇಳಿದರು; ಹಳೆಯ ಲ್ಯಾಕರನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿದಾಗ ‘ತೆಗೆಯುವುದೇಕೆ ಸಾರ್, ಮೇಲೆಯೇ ಹೊಡೆದುಬಿಡುತ್ತೇವೆ’ ಎಂದದ್ದರಿಂದ ಅಲ್ಲಿಂದ ಎದ್ದು ಬಂದೆ. ಬಿರುಕಿನ ಮೇಲೆ ಎಷ್ಟು ಪದರ ಹೊಡೆದರೂ ಕೆಳಗಿನ ಬಿರುಕು ಒಂದೇ ಬೇಸಿಗೆಯಲ್ಲಿ ಮೇಲೆ ಬಂದು ಕಾಣಿಸಿಕೊಳ್ಳುತ್ತದೆ. ಮರದ ಚಿತ್ರವಿರುವ ಸ್ಟಿಕ್ಕರ್ ಅಂಟಿಸುವ ಸಲಹೆಯೂ ಬಂತು. ಅದರ ಬಗ್ಗೆ ಏನೂ ಹೇಳುವುದಿಲ್ಲ.

ಯಾವ ಪಾಲಿಶ್ ಎಂಬುದು ಹೆಚ್ಚು ಯೋಚಿಸಬೇಕಾದ ಪ್ರಶ್ನೆಯಾಗಿತ್ತು. ಮನೆಗೆ ಬಾಗಿಲು ಕಿಟಕಿ ಮಾಡಿಕೊಟ್ಟ ಆಚಾರ್ರು ಮೊದಲು ಹೇಳಿದ್ದು ಚಪಡಾ ಪಾಲಿಶ್. ಅರಗಿನ ಹುಳುವಿನ ಸ್ರಾವದಿಂದ ಆಗುವ ಈ ಚಪಡಾವನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಉಜ್ಜಿದರೆ ಮರಕ್ಕೆ ಬರುವ ಆಳ ಮತ್ತಾವುದರಲ್ಲೂ ಬಾರದು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಆದರೆ ಚನ್ನಪಟ್ಟಣದ ಕುಶಲಕರ್ಮಿಗೆ ವರವಾಗಿರುವ ಗುಣವೇ ಕಾರಿನಲ್ಲಿ ಶಾಪ. ತಿರುಗುವ ಚರಕಿಯ ಮೇಲೆ ಒತ್ತಿದಾಗ ಹುಟ್ಟುವ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಹಿಡಿಯುತ್ತದೆಯಲ್ಲವೇ? ಹೆಚ್ಚುಕಡಿಮೆ ಅಷ್ಟೇ ಬಿಸಿ ಏಪ್ರಿಲ್ ಮಧ್ಯಾಹ್ನದ ಡ್ಯಾಶ್‌ಬೋರ್ಡಿನ ಹತ್ತಿರವೂ ಇರುತ್ತದೆ. ಜೊತೆಗೆ ಸ್ಪಿರಿಟ್‌ನಲ್ಲಿ ಕರಗುವ ಪಾಲಿಶ್ ಸ್ಯಾನಿಟೈಸರ್ ಹಚ್ಚಿಕೊಂಡ ಕೈ ತಾಗಿದರೂ ಕರಗುತ್ತದೆ. ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಬೇಗ ಒಣಗುತ್ತದೆ, ಧೂಳು ಕೂರಲು ಸಮಯ ಕೊಡುವುದಿಲ್ಲ. ಆದರೆ ಅದು ಒಣಗುವ ವೇಗಕ್ಕೆ ಮೇಲ್ಮೈ ತಣ್ಣಗಾಗಿ, ತೇವದ ದಿನಗಳಲ್ಲಿ ಗಾಳಿಯ ನೀರು ಅಲ್ಲೇ ಸಾಂದ್ರಗೊಂಡು ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ, ಮತ್ತು ಎಷ್ಟು ವರ್ಷವಾದರೂ ಥಿನ್ನರ್ ತಾಗಿದರೆ ಕರಗುತ್ತದೆ. ಮೆಲಮೈನ್ ಪಾಲಿಶ್ ಗಟ್ಟಿಯೇನೋ ಹೌದು, ಆದರೆ ತೆಳುವಾಗಿರುವಷ್ಟು ಹೊತ್ತು ಮಾತ್ರ. ದಪ್ಪ ಕಟ್ಟಿದರೆ ಸೀಳುತ್ತದೆ, ಮೊದಲ ವಾರಗಳ ಕಣ್ಣು ಉರಿಸುವ ವಾಸನೆ ಮುಚ್ಚಿದ ಕಾರಿನೊಳಗೆ ಸಹಿಸುವಂಥದ್ದಲ್ಲ. ಬೇಕಾಗಿದ್ದದ್ದು ದಪ್ಪವಾಗಿ ಕಟ್ಟಿದರೂ ಒಡೆಯದ, ಬಿಸಿಗೆ ಮೆತ್ತಗಾಗದ, ಸ್ವಲ್ಪ ಬಾಗುವ ಗುಣವುಳ್ಳ ಪದರ. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದಾಗ ಉಳಿದದ್ದು ಎರಡು ಡಬ್ಬಿಯ ಪಿಯು.

ಹಾರ್ಡನರ್‌ನ ಜಾತಿಯ ವಿಷಯ ಇಲ್ಲಿ ಬರುತ್ತದೆ. ಅಗ್ಗದ ಪಿಯು ಪಾಲಿಶ್‌ಗಳ ಹಾರ್ಡನರ್ ಆರೊಮ್ಯಾಟಿಕ್ ಎಂಬ ಬಗೆಯದು, ಬಿಸಿಲಿಗೆ ಹಳದಿಯಾಗುತ್ತದೆ. ತುಸು ದುಬಾರಿಯಾದ ಅಲಿಫ್ಯಾಟಿಕ್ ಬಗೆಯದು ಆಗುವುದಿಲ್ಲ. ಡಬ್ಬಿಯ ಮೇಲೆ ಹಳದಿಯಾಗುವುದಿಲ್ಲ ಎಂಬ ಮಾತು ಸ್ಪಷ್ಟವಾಗಿ ಇದೆಯೇ ಎಂದು ನೋಡಿಯೇ ಕೊಳ್ಳಬೇಕು, ಇಲ್ಲವಾದರೆ ಅಂಗಡಿಯವರನ್ನು ಕೇಳಿ ಉತ್ಪನ್ನದ ವಿವರಪತ್ರವನ್ನು ತರಿಸಿಕೊಳ್ಳಬೇಕು. ನಾನು ಹೋದ ಮೊದಲ ಎರಡು ಅಂಗಡಿಗಳಲ್ಲಿ ಈ ಪ್ರಶ್ನೆ ಕೇಳಿದಾಗ ‘ಎಲ್ಲಾ ಒಂದೇ’ ಎಂಬ ಉತ್ತರ ಬಂತು; ಮೂರನೆಯ ಅಂಗಡಿಯವರು ಡಬ್ಬಿ ತಿರುಗಿಸಿ ತೋರಿಸಿದರು. ಜೀಬ್ರಾನೋ ಸ್ವತಃ ಹಳದಿಗಂದು ಬಣ್ಣದ್ದಾದ್ದರಿಂದ ಸ್ವಲ್ಪ ಹಳದಿ ತಿರುಗಿದರೂ ಯಾರಿಗೂ ತಿಳಿಯಲಾರದು, ನಿಜ. ಆದರೆ ಹಳದಿಯಾಗುವುದು ಆ ಪದರ ಬಿಸಿಲಿಗೆ ಸೋಲುತ್ತಿರುವುದರ ಗುರುತೂ ಹೌದು. ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಹೋಗಿ ಅದನ್ನು ಕೊಳ್ಳುವುದು ಜಾಣತನವಲ್ಲ.

ಫಲಕಗಳನ್ನು ಬಿಚ್ಚುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಪ್ರತಿ ಹಂತದ ಫೋಟೊ ತೆಗೆದು, ತಿರುಪುಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿಟ್ಟರೆ ಸಾಕು. ಒಂದು ಎಚ್ಚರ ಮಾತ್ರ: ಹಳೆಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಬೆಳಗಿನ ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತವೆ. ಕಾರನ್ನು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ, ಒಳಗೆಲ್ಲ ಬೆಚ್ಚಗಾದ ಮೇಲೆ ಕೈಹಾಕಿದರೆ ಅರ್ಧದಷ್ಟಾದರೂ ಉಳಿಯುತ್ತವೆ.

ಹಳೆಯ ಲ್ಯಾಕರ್ ತೆಗೆಯುವ ಕೆಲಸದಲ್ಲಿಯೇ ಈ ಇಡೀ ಸಾಹಸದ ಸೋಲು ಗೆಲುವು ತೀರ್ಮಾನವಾಗುತ್ತದೆ. ಮೂರು ದಾರಿಗಳಿವೆ. ಪೇಂಟ್ ರಿಮೂವರ್ ಹಚ್ಚಬಹುದು. ಅದು ಲ್ಯಾಕರಿನ ಜೊತೆಗೆ ವಿನೀರಿನ ಕೆಳಗಿನ ಅಂಟಿಗೂ ಇಳಿಯಬಹುದೆಂಬ ಭಯಕ್ಕೆ ನಾನು ಅದನ್ನು ಮುಟ್ಟಲಿಲ್ಲ. ಉಪ್ಪುಕಾಗದದಿಂದ ಉಜ್ಜಿಯೇ ತೆಗೆಯಬಹುದು; ಆದರೆ ಲ್ಯಾಕರ್ ವಿನೀರಿಗಿಂತ ಗಟ್ಟಿ, ದಪ್ಪವೂ ಹೆಚ್ಚು. ಲ್ಯಾಕರ್ ಇರುವ ಕಡೆ ಕಾಗದ ಜಾರುತ್ತದೆ, ಅದು ಮುಗಿದ ಕಡೆ ಒಮ್ಮೆಗೇ ಮರಕ್ಕೆ ಇಳಿಯುತ್ತದೆ, ನಮ್ಮ ಕೈಗೆ ವ್ಯತ್ಯಾಸ ತಿಳಿಯುವಷ್ಟರಲ್ಲಿ ವಿನೀರು ತೂತಾಗಿ ಕೆಳಗಿನ ತಳ ಇಣುಕುತ್ತದೆ. ಮೂರನೆಯದು ಹೀಟ್ ಗನ್ನಿನಿಂದ ಬಿಸಿ ಮಾಡಿ ಬ್ಲೇಡಿನಿಂದ ಎಬ್ಬಿಸುವುದು. ನಾನು ಅದನ್ನೇ ಆರಿಸಿಕೊಂಡೆ. ಗನ್ನನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರ ಹಿಡಿದು, ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ಲ್ಯಾಕರ್ ಮಂಜಾಗಿ ಮೆತ್ತಗಾಗುತ್ತದೆ. ಆಗ ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ, ಗೆರೆಗಳ ಉದ್ದಕ್ಕೆ ತಳ್ಳಿದರೆ ಬಾಳೆಯ ಪಟ್ಟೆ ಸುಲಿದಂತೆ ಉದ್ದುದ್ದ ಎದ್ದು ಬರುತ್ತದೆ. ಗೆರೆಗಳಿಗೆ ಅಡ್ಡವಾಗಿ ತಳ್ಳಿದರೆ ಮರದ ನಾರೇ ಎದ್ದುಬಿಡುತ್ತದೆ. ಬ್ಲೇಡಿನ ಎರಡು ಮೂಲೆಗಳನ್ನು ಮೊದಲೇ ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿಟ್ಟುಕೊಳ್ಳಬೇಕು, ಇಲ್ಲವಾದರೆ ಆ ಮೂಲೆ ಮರದಲ್ಲಿ ಗೀರು ಬಿಡುತ್ತದೆ, ಮತ್ತು ಆ ಗೀರು ಪಾಲಿಶ್ ಬಿದ್ದ ಮೇಲೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ.

ನನ್ನ ಪ್ರಮಾದ ಆಶ್‌ಟ್ರೇ ಮುಚ್ಚಳದಲ್ಲಿ ಆಯಿತು. ಚಿಕ್ಕ ತುಂಡು, ಬೇಗ ಮುಗಿಯುತ್ತದೆಂದು ಮೊದಲಿಗೆ ಅದನ್ನೇ ಎತ್ತಿಕೊಂಡಿದ್ದೆ. ಚಿಕ್ಕದಾದ್ದರಿಂದಲೇ ಅದು ಬೇಗ ಕಾದು, ಕೆಳಗಿನ ಅಂಟು ಸಡಿಲಗೊಂಡು, ಬ್ಲೇಡಿನ ತುದಿಗೆ ಲ್ಯಾಕರಿನ ಜೊತೆ ಉಗುರಿನಷ್ಟು ವಿನೀರೂ ಎದ್ದು ಬಂತು. ಮೊದಲು ದೊಡ್ಡ, ಚಪ್ಪಟೆಯಾದ, ಕಣ್ಣಿಗೆ ಅಷ್ಟಾಗಿ ಬೀಳದ ಹಿಂಬಾಗಿಲಿನ ಪಟ್ಟಿಯಿಂದ ಶುರುಮಾಡಿ ಕೈ ಪಳಗಿಸಿಕೊಳ್ಳುವುದೇ ಸರಿ.

ಆ ಉಗುರಿನಷ್ಟು ಜಾಗಕ್ಕೆ ತೇಪೆ ಹುಡುಕಲು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋದೆ. ಜೀಬ್ರಾನೋ ವಿನೀರಿನ ಎಂಟು ಅಡಿ ಉದ್ದದ ಹಾಳೆ ನನಗೆ ಬೇಕಿರಲಿಲ್ಲ. ವಿನೀರು ಮಾರುವವರು ಗಿರಾಕಿಗಳಿಗೆ ತೋರಿಸಲು ಇಟ್ಟುಕೊಳ್ಳುವ ಸ್ಯಾಂಪಲ್ ತುಂಡೇ ಹತ್ತು ತೇಪೆಗಳಿಗಾಗುವಷ್ಟಿತ್ತು, ಹಳೆಯದೊಂದನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಅದನ್ನು ಬಿಸಿನೀರಿನಲ್ಲಿ ನೆನೆಸಿ ಹಿಂದಿನ ಪ್ಲೈವುಡ್ಡಿನಿಂದ ಬಿಡಿಸಿದೆ. ತೇಪೆಯನ್ನು ಚೌಕವಾಗಿ ಕತ್ತರಿಸಿದರೆ ಅಡ್ಡಗೆರೆ ಎದ್ದು ಕಾಣುತ್ತದೆ. ಮೈಸೂರಿನ ಬೀಟೆ ಮರದ ಇನ್ಲೇ ಕೆಲಸದಲ್ಲಿ ತುಂಡುಗಳ ಅಂಚನ್ನು ಚಿತ್ರದ ಗೆರೆಯೊಳಗೇ ಅಡಗಿಸುವ ಹಾಗೆ, ಇಲ್ಲಿಯೂ ತೇಪೆಯನ್ನು ದೋಣಿಯ ಆಕಾರಕ್ಕೆ, ಎರಡೂ ತುದಿ ಚೂಪಾಗಿ, ಒಂದು ಗಾಢ ಗೆರೆಯ ಗುಂಟ ಕತ್ತರಿಸಿ ಕೂರಿಸಿದೆ. ಈಗ ನಾನು ಬೆರಳಿಟ್ಟು ತೋರಿಸಿದರೆ ಮಾತ್ರ ಕಾಣುತ್ತದೆ. ತೋರಿಸದೆ ಇರಲು ನನಗೆ ಆಗುವುದಿಲ್ಲ ಎಂಬುದು ಮನೆಯವರ ದೂರು.

ಇನ್ನು ಸರಕಿನ ವಿಚಾರ. ನಾನು ಕೊಂಡದ್ದು ಒಂದು ಲೀಟರ್ ಬೇಸ್ ಮತ್ತು ಅರ್ಧ ಲೀಟರ್ ಹಾರ್ಡನರ್ ಇರುವ ಜೋಡಿ. ಎರಡು ಪಾಲು ಬೇಸ್‌ಗೆ ಒಂದು ಪಾಲು ಹಾರ್ಡನರ್, ಅಳತೆಯಲ್ಲಿ, ತೂಕದಲ್ಲಲ್ಲ. ಬಡಗಿಯವರು ಲೋಟದಲ್ಲಿ ಅಂದಾಜು ಮಾಡಿ ಬೆರೆಸುವುದನ್ನು ಕಂಡಿದ್ದೇನೆ, ಅವರು ಲೀಟರುಗಟ್ಟಲೆ ಬೆರೆಸುವಾಗ ಆ ಅಂದಾಜು ನಡೆಯುತ್ತದೆ. ನನ್ನ ಏಳೂ ತುಂಡುಗಳಿಗೆ ಒಂದು ಕೋಟ್, ಅಂದರೆ ಒಂದು ಸಲದ ಲೇಪ, ಹಚ್ಚಲು ಬೇಕಾಗಿದ್ದದ್ದು ಮೂವತ್ತು ಮಿಲಿಲೀಟರ್ ಮಾತ್ರ, ಅಷ್ಟು ಸಣ್ಣ ಪ್ರಮಾಣದಲ್ಲಿ ಒಂದು ಚಮಚದ ತಪ್ಪೂ ದೊಡ್ಡ ತಪ್ಪು: ಹಾರ್ಡನರ್ ಕಡಿಮೆಯಾದರೆ ಪದರ ವಾರವಾದರೂ ಅಂಟಂಟಾಗಿರುತ್ತದೆ, ಹೆಚ್ಚಾದರೆ ಪೆಡಸಾಗುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಸಿರಿಂಜನ್ನು ಸೂಜಿಯಿಲ್ಲದೆ ಬಳಸಿ ಇಪ್ಪತ್ತು ಮಿಲಿಲೀಟರ್ ಬೇಸ್, ಹತ್ತು ಮಿಲಿಲೀಟರ್ ಹಾರ್ಡನರ್ ಎಳೆದುಕೊಂಡದ್ದೇ ನಾನು ಕಂಡುಕೊಂಡ ಅತ್ಯುತ್ತಮ ಉಪಾಯ. ಸಿರಿಂಜಿನೊಳಗಿನ ರಬ್ಬರ್ ಈ ದ್ರವಗಳಿಗೆ ಉಬ್ಬಿ ಬಿಗಿದುಕೊಳ್ಳುವುದರಿಂದ ಒಂದನ್ನು ಒಮ್ಮೆ ಮಾತ್ರ ಬಳಸಬಹುದು.

ಡಬ್ಬಿಯ ಮೇಲೆ ಸೂಚಿಸಿದ್ದ ಥಿನ್ನರ್ ಪ್ರಮಾಣ ಸ್ಪ್ರೇಗೆ ಹೊಂದುವಂಥದ್ದು. ಬ್ರಷ್‌ನಲ್ಲಿ ಹಚ್ಚುವವರು ಅಷ್ಟು ಹಾಕಿದರೆ ನಿಂತ ಅಂಚುಗಳಿಂದ ಕಣ್ಣೀರಿನಂತೆ ಇಳಿಯುತ್ತದೆ. ಮೊದಲ ಎರಡು ಕೋಟುಗಳನ್ನು ಮರದ ರಂಧ್ರಗಳೊಳಗೆ ಇಳಿಯಲೆಂದು ತೆಳುವಾಗಿ ಬೆರೆಸಿ, ಆಮೇಲಿನವುಗಳಿಗೆ ಸೂಚಿಸಿದ್ದರ ಅರ್ಧದಷ್ಟು ಥಿನ್ನರ್ ಹಾಕಿದ್ದು ನನಗೆ ಸರಿಹೊಂದಿತು. ಥಿನ್ನರ್ ಅದೇ ಕಂಪನಿಯದ್ದೇ ಆಗಿರಬೇಕು. ಸಾಮಾನ್ಯ ಎನ್‌ಸಿ ಥಿನ್ನರಿನಲ್ಲಿ ಹಾರ್ಡನರ್ ಜೊತೆ ಕೂಡಿಕೊಳ್ಳುವ ವಸ್ತುಗಳು ಬೆರೆತಿರಬಹುದು. ಹಾಗಾದರೆ ಪದರ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ.

ಬೆರೆಸಿದ ಮೇಲೆ ಮೂರು ಗಂಟೆಯ ಕಾಲ ಬಳಸಬಹುದೆಂದು ಬರೆದಿತ್ತು, ನಿಜವಾಗಿ ಎರಡು ಗಂಟೆಯ ಹೊತ್ತಿಗೇ ಬ್ರಷ್ ಎಳೆಯತೊಡಗಿತು. ಅದು ನನಗೆ ತೊಂದರೆಯಾಗಲಿಲ್ಲ, ಏಳು ತುಂಡುಗಳಿಗೆ ಅರ್ಧ ಗಂಟೆ ಸಾಕು. ಬ್ರಷ್ ಗುರುತುಗಳು ಹತ್ತು ನಿಮಿಷದಲ್ಲಿ ತಾವೇ ಸಮವಾಗುತ್ತವೆ, ಮತ್ತು ಈ ಗುಣಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ಮುಟ್ಟಿದರೆ ಅಂಟದ ಸ್ಥಿತಿಗೆ ಬರಲು ನನ್ನ ಕೋಣೆಯಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಬೆಂಗಳೂರಿನಲ್ಲಿ ಒಂದು ಗಂಟೆ ಧೂಳಿಲ್ಲದ ಗಾಳಿಯನ್ನು ಎಲ್ಲಿಂದ ತರುವುದು? ತಾರಸಿಯ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ, ಅದು ಇಂಗುವವರೆಗೆ ಕಾದು, ಫ್ಯಾನ್ ಆರಿಸಿ, ಹಚ್ಚಿದ ಕೂಡಲೇ ತುಂಡುಗಳ ಮೇಲೆ ದೊಡ್ಡ ಪ್ಲಾಸ್ಟಿಕ್ ಡಬ್ಬ ಕವುಚಿಟ್ಟು ಹೊರಬರುತ್ತಿದ್ದೆ. ಆದರೂ ಪ್ರತಿ ಕೋಟಿನಲ್ಲಿ ನಾಲ್ಕಾರು ಕಣಗಳು ಕೂತೇ ಇರುತ್ತಿದ್ದವು. ಮರುದಿನ, ನೀರು ಹಾಕಿ ಉಜ್ಜುವ 400ರ ವಾಟರ್ ಪೇಪರಿನಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಅವನ್ನು ಉಜ್ಜಿ ತೆಗೆದು ಮುಂದಿನ ಕೋಟ್.

ಸುರಕ್ಷತೆಯ ಮಾತನ್ನು ಡಬ್ಬಿಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ಅಚ್ಚು ಹಾಕಿರುವುದು ನನಗೆ ಸರಿಕಾಣಲಿಲ್ಲ. ಹಾರ್ಡನರಿನಲ್ಲಿರುವ ಐಸೊಸಯನೇಟ್ ಉಸಿರಾಟದ ದಾರಿಗೆ ಕೆಟ್ಟದ್ದು. ಆಸ್ತಮಾ ಇರುವವರಿಗೆ ಅಪಾಯಕಾರಿ, ಇಲ್ಲದವರಿಗೂ ಪದೇ ಪದೇ ತಾಗಿದರೆ ಆಸ್ತಮಾ ತರಬಲ್ಲದು. ನಮ್ಮ ಮಾವನವರಿಗೆ ಉಬ್ಬಸವಿರುವುದರಿಂದಲೇ ನಾನು ತಾರಸಿಗೆ ಹೋದದ್ದು. ಸ್ಪ್ರೇ ಮಾಡುವುದಕ್ಕಿಂತ ಬ್ರಷ್‌ನಲ್ಲಿ ಹಚ್ಚುವುದು ಎಷ್ಟೋ ವಾಸಿ, ಆದರೂ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖಕವಚವೂ ಕೈಗವಸೂ ಬೇಕೇಬೇಕು; ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ.

ಮೊದಲ ಪ್ರಯತ್ನ ನವೆಂಬರಿನ ಜಡಿಮಳೆಯ ವಾರದಲ್ಲಿ ನಡೆದು ಪೂರ್ತಿ ಹಾಳಾಯಿತು. ಮೂರನೆಯ ಕೋಟಿನ ಮರುಬೆಳಿಗ್ಗೆ ಡಬ್ಬ ಎತ್ತಿ ನೋಡಿದರೆ ಗೇರ್ ಫಲಕದ ತುಂಬ ಸಾಸಿವೆಯಂಥ ಗುಳ್ಳೆಗಳು. ಹಾರ್ಡನರ್ ಬೇಸ್ ಜೊತೆ ಕೂಡುವಂತೆಯೇ ನೀರಿನ ಜೊತೆಗೂ ಕೂಡುತ್ತದೆ, ಕೂಡಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಅದು ಗಟ್ಟಿಯಾಗುತ್ತಿರುವ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ತಪ್ಪು ಸರಕಿನದ್ದಲ್ಲ, ನನ್ನದು. ನೆಲಕ್ಕೆ ನೀರು ಚಿಮುಕಿಸುವ ನನ್ನ ಉಪಾಯ ಬೇಸಿಗೆಯದ್ದು, ಮಳೆಗಾಲದಲ್ಲಿ ಅದನ್ನು ಮಾಡಿದ್ದು ಬೆಂಕಿಗೆ ತುಪ್ಪ ಸುರಿದಂತಾಗಿತ್ತು. ಎಲ್ಲವನ್ನೂ ಉಜ್ಜಿ ತೆಗೆದು, ಸಂಕ್ರಾಂತಿ ಕಳೆದು ಗಾಳಿ ಒಣಗಿದ ಮೇಲೆ ಮತ್ತೆ ಹಚ್ಚಿದೆ. ಆಗ ಎಂಟು ಕೋಟುಗಳು ಒಂದೇ ಒಂದು ಗುಳ್ಳೆಯಿಲ್ಲದೆ ಕೂತವು. ಆದರೂ ತೇವದ ದಿನಗಳಲ್ಲಿ ಬಳಸಬೇಡಿ ಎಂಬ ಒಂದು ಸಾಲನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿದ್ದರೆ ಕಂಪನಿಯ ಗಂಟೇನೂ ಹೋಗುತ್ತಿರಲಿಲ್ಲ.

ಎಂಟು ಕೋಟು ಹೆಚ್ಚೆನಿಸಬಹುದು, ಆದರೆ ಜೀಬ್ರಾನೋ ಬಾಯಿಬಿಟ್ಟ ಮರ. ಅದರ ರಂಧ್ರಗಳು ಮೊದಲ ನಾಲ್ಕು ಕೋಟುಗಳನ್ನು ಕುಡಿದುಬಿಡುತ್ತವೆ, ಮತ್ತು ಕೊನೆಯಲ್ಲಿ ಉಜ್ಜಿ ಸಮಮಾಡುವಾಗ ಒಂದೆರಡು ಕೋಟಿನಷ್ಟು ದಪ್ಪ ಹೋಗುತ್ತದೆ. ಕೊನೆಯ ಕೋಟ್ ಆದ ಹತ್ತು ದಿನ ತುಂಡುಗಳನ್ನು ಮುಟ್ಟಲಿಲ್ಲ. ಆಮೇಲೆ ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರಿಗೆ ವಾಟರ್ ಪೇಪರ್ ಸುತ್ತಿ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, 800, 1200, 1500, 2000 ಎಂದು ಕ್ರಮವಾಗಿ ಉಜ್ಜಿ, ಕಾರಿನ ಬಣ್ಣಕ್ಕೆ ಬಳಸುವ ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತಂದೆ. ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಯ ಕಾಗದಕ್ಕೆ ಮಾತ್ರ ಅದನ್ನು ತೆಗೆಯಬೇಕು. ದ್ರವ ಅಂಚಿನಿಂದ ಹಿಂಜರಿಯುವುದರಿಂದ ಅಲ್ಲಿ ಪದರ ಯಾವಾಗಲೂ ತೆಳು, ಎರಡು ಸಲ ಜೋರಾಗಿ ಉಜ್ಜಿದರೆ ಮರ ಸಿಗುತ್ತದೆ. ಪಿಯು ಈ ಉಜ್ಜುವಿಕೆಗೆ ಚೆನ್ನಾಗಿ ಒಗ್ಗುತ್ತದೆ, ಕಾಗದಕ್ಕೆ ಅಂಟಿಕೊಂಡು ಉಂಡೆಯಾಗುವುದಿಲ್ಲ, ಬಿಳಿ ಪುಡಿಯಾಗಿ ನೀರಿನಲ್ಲಿ ಹರಿದುಹೋಗುತ್ತದೆ.

ಜೋಡಿಸುವಾಗ ನಾನು ಎಣಿಸಿರದ ತೊಡಕು ಎದುರಾಯಿತು. ಗೇರ್ ಫಲಕದಲ್ಲಿ ಸ್ವಿಚ್ಚುಗಳು ಕೂರುವ ಕಿಂಡಿಗಳ ಒಳಗೋಡೆಗೂ ಪಾಲಿಶ್ ಇಳಿದು ದಪ್ಪ ಕಟ್ಟಿದ್ದರಿಂದ ಸ್ವಿಚ್ಚುಗಳು ಒಳಗೆ ಹೋಗಲೇ ಇಲ್ಲ. ಒತ್ತಿ ಕೂರಿಸಿದ್ದರೆ ಹೊಸ ಪದರ ಅಂಚಿನಿಂದ ಚಕ್ಕೆ ಏಳುತ್ತಿತ್ತು. ಸಣ್ಣ ಅರದಿಂದ, ಮೇಲಿನಿಂದ ಕೆಳಕ್ಕೆ ಮಾತ್ರ ತಿಕ್ಕುತ್ತಾ, ಪ್ರತಿ ಕಿಂಡಿಯನ್ನೂ ಮೊದಲಿನ ಅಳತೆಗೆ ತರಬೇಕಾಯಿತು. ಆಶ್‌ಟ್ರೇ ಮುಚ್ಚಳದ ಕಥೆಯೂ ಅದೇ. ಅದರ ಬದಿಗಳಿಗೆ ನಾನು ಎಂಟು ಕೋಟು ಕೊಡಬಾರದಿತ್ತು.

ಈಗಿನ ಸ್ಥಿತಿ ಹೀಗಿದೆ. ಬಿರುಕು ಎಲ್ಲಿಯೂ ಇಲ್ಲ. ಹಳದಿ ತಿರುಗಿದ್ದನ್ನು ಅಳೆಯಲು ಒಂದು ಪ್ಲೈವುಡ್ ತುಂಡಿಗೂ ಇದೇ ಪಾಲಿಶ್ ಹಚ್ಚಿ, ಅರ್ಧ ಭಾಗಕ್ಕೆ ಕಪ್ಪು ಟೇಪ್ ಸುತ್ತಿ ಹಿಂದಿನ ಗಾಜಿನ ಕೆಳಗೆ ಇಟ್ಟಿದ್ದೆ; ಮೊನ್ನೆ ಟೇಪ್ ಬಿಚ್ಚಿ ನೋಡಿದರೆ ಎರಡು ಅರ್ಧಗಳ ನಡುವಿನ ವ್ಯತ್ಯಾಸ ಮರದ್ದೋ ಪಾಲಿಶಿನದೋ ಎಂದು ಹೇಳಲಾಗದಷ್ಟು ಅಲ್ಪ. ಬಾಗಿಲ ಪಟ್ಟಿಯ ಮೇಲೆ ಬಳೆ ತಾಗಿದ ಎರಡು ನವಿರಾದ ಗೀರುಗಳಿದ್ದು, ಕಾಂಪೌಂಡ್ ತಿಕ್ಕಿದಾಗ ಹೋದವು. ಕಾರ್ಖಾನೆಯ ಲ್ಯಾಕರಿಗಿದ್ದ, ನೀರಿನಡಿಯಲ್ಲಿ ಮರ ಮಲಗಿದಂಥ ಆಳ ಇದಕ್ಕೆ ಬಂದಿಲ್ಲ. ಮುಕ್ಕಾಲು ಪಾಲು ಬಂದಿದೆ. ಮೇ ತಿಂಗಳ ಮಧ್ಯಾಹ್ನಗಳಲ್ಲಿ ರಂಧ್ರಗಳಿದ್ದ ಕಡೆ ಪದರ ಅತಿ ಸ್ವಲ್ಪ ಕುಗ್ಗಿ, ಓರೆಯಾಗಿ ಬೆಳಕು ಬಿದ್ದಾಗ ಗೆರೆಗಳ ಗುಂಟ ಸಣ್ಣ ತಗ್ಗುಗಳು ಕಾಣಿಸಿಕೊಂಡಿವೆ. ಗ್ರೇನ್ ಫಿಲ್ಲರ್ ಹಾಕದೆ ಪಿಯುವಿನಿಂದಲೇ ರಂಧ್ರ ತುಂಬಲು ಹೋದದ್ದಕ್ಕೆ ಇದು ದಂಡ.

ಖರ್ಚು: ಪಾಲಿಶ್ ಜೋಡಿ 1,450, ಥಿನ್ನರ್ 280, ಉಪ್ಪುಕಾಗದ ಮತ್ತು ವಾಟರ್ ಪೇಪರ್ 620, ಹೀಟ್ ಗನ್ 1,700, ಮುಖಕವಚ 1,900, ಕಾಂಪೌಂಡ್ 450, ಒಟ್ಟು 6,400 ರೂಪಾಯಿ. ಲ್ಯಾಕರ್ ತೆಗೆಯಲು ಹನ್ನೊಂದು ಸಂಜೆಗಳು, ಹಾಳಾದ ಮೊದಲ ಪ್ರಯತ್ನವನ್ನು ಬಿಟ್ಟರೆ ಕೋಟುಗಳಿಗೆ ಎಂಟು ದಿನ, ಕೊನೆಯ ಉಜ್ಜುವಿಕೆಗೆ ಎರಡು ಭಾನುವಾರ. ಕಾರು ಒಂದು ತಿಂಗಳಿಗೂ ಹೆಚ್ಚು ಕಾಲ ಒಳಗೆಲ್ಲ ಬರಿದಾಗಿ ನಿಲ್ಲುವುದನ್ನು ಸಹಿಸಬಲ್ಲವರು, ಮುಚ್ಚಿದ ಕೋಣೆಯೊಂದು ಇರುವವರು, ಫಲಕಗಳು ಬಹುಪಾಲು ಚಪ್ಪಟೆಯಾಗಿರುವ ಕಾರಿನವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ವಿನೀರೇ ಅಲ್ಲಲ್ಲಿ ಎದ್ದಿದ್ದರೆ, ಅಥವಾ ಫಲಕಗಳು ಬಹಳ ಬಾಗಿದ್ದರೆ, ಮರದ ಸೂಕ್ಷ್ಮ ಕೆಲಸ ಬಲ್ಲವರ ಕೈಗೆ ಕೊಡುವುದೇ ಒಳ್ಳೆಯದು. ಕೊಡುವ ಮೊದಲು ಹಳೆಯ ಲ್ಯಾಕರನ್ನು ಪೂರ್ತಿ ತೆಗೆಯುತ್ತೀರಾ ಎಂದು ಕೇಳಿ.

ನನ್ನ ದೊಡ್ಡ ತಕರಾರು ಕಟ್ಟಿನ ಗಾತ್ರದ ಬಗ್ಗೆ. ಎರಡು ಪ್ರಯತ್ನಗಳಿಗೂ ಸೇರಿ ಒಂದೂವರೆ ಲೀಟರಿನಲ್ಲಿ ನಾನು ಬಳಸಿದ್ದು ಮುನ್ನೂರ ಮೂವತ್ತು ಮಿಲಿಲೀಟರ್. ಉಳಿದದ್ದನ್ನು ಮನೆಯ ಉಯ್ಯಾಲೆ ಮಣೆಗೆ ಹಚ್ಚೋಣವೆಂದು ಎರಡು ತಿಂಗಳ ಮೇಲೆ ತೆಗೆದರೆ, ಬಿಗಿಯಾಗಿಯೇ ಮುಚ್ಚಿದ್ದ ಹಾರ್ಡನರ್ ಗಾಳಿಯ ತೇವ ಹೀರಿ ಹಲಸಿನ ಮೇಣದಂತೆ ಗಟ್ಟಿಯಾಗಿತ್ತು. ಹಾರ್ಡನರನ್ನು ಬಿಡಿಯಾಗಿ ಮಾರುವುದಿಲ್ಲವಂತೆ. ಸುಮಾರು ಮುಕ್ಕಾಲು ಲೀಟರ್ ಬೇಸ್ ಈಗಲೂ ತಾರಸಿಯ ಕೋಣೆಯಲ್ಲಿ ಕೂತಿದೆ. ಕಾಲು ಲೀಟರಿನ ಜೋಡಿ ಸಿಗುವ ಅಂಗಡಿ ಹುಡುಕಿ, ಅಲ್ಲಿಯೇ ಕೊಳ್ಳಿ.